ಸಾವಿರದೇಳ್ನೂರು ಪ್ಯಾಂಟು

ರಾತ್ರಿ ನೆಟ್ಟಗೆ ನಿಲ್ಲಿಸಿರುತ್ತೇನೆ.
ಬೆಳಿಗ್ಗೆ ನೋಡಿದರೆ ಮುಂದಿನ ಎಡಗಾಲು ಮಡಚಿ
ದಣಿದ ಎತ್ತಿನ ಹಾಗೆ ಕೂತಿರುತ್ತದೆ
ಕೌಲ್ ಬಜಾರಿನ ನಮ್ಮ ಗಲ್ಲಿಯಲ್ಲಿ.
ಹಾಲಿನ ಹುಡುಗ ಸೈಕಲ್ ನಿಧಾನಿಸಿ ಕೇಳುತ್ತಾನೆ,
'ಏನಣ್ಣಾ, ಸಾಹೇಬ್ರು ಇನ್ನಾ ಎದ್ದಿಲ್ಲೇನು?'

ಚಾವಿ ತಿರುಗಿಸಿದರೆ ಗೊರ್ರನೆ ಗಾಳಿ ಎಳೆದುಕೊಂಡು
ಏಳುತ್ತದೆ, ಅವಸರವಿಲ್ಲದೆ.
ಹಳದಿ ದೀಪ ಏಳು, ಎಂಟನೆಯದು ಕೆಂಪು.
ಎಂಟೂ ಹತ್ತಿದರೆ ಹೊರಡು,
ಒಂದೂ ಹತ್ತದಿದ್ದರೆ ಹೆದರು
ಎಂದು ಹೊನ್ನೂರ್‌ವಲಿ ಹೇಳಿಕೊಟ್ಟಿದ್ದಾನೆ.

ನಾಲ್ಕು ಮುಕ್ಕಾಲು ಲಕ್ಷಕ್ಕೆ ಕೊಂಡದ್ದು.
ಹೊಸದಿದ್ದಾಗ ಅರವತ್ತೆರಡಂತೆ.
'ಕಾರಿನ ರೇಟು ಇಳೀತೈತಣ್ಣಾ,
ಸಾಮಾನಿನ ರೇಟು ಇಳಿಯಂಗಿಲ್ಲ.
ಅದರ ಲೆಕ್ಕದಾಗೆ ಅದಿನ್ನಾ ಅರವತ್ತೆರಡು ಲಕ್ಷದ್ದೇ.'

ನನ್ನದು ಬೇರೆ ಲೆಕ್ಕ.
ಕೂಲಿ, ಕರೆಂಟು, ಜಿಪ್ಪು, ಗುಂಡಿ ಕಳೆದು
ಜೀನ್ಸ್ ಒಂದಕ್ಕೆ ನನಗೆ ಉಳಿಯುವುದು ನಲವತ್ತು.
ಕೂಲೆಂಟ್ ತುಂಬುವ ಪ್ಲಾಸ್ಟಿಕ್ ಡಬ್ಬಿ,
ಸೀಳು ಬಿಟ್ಟದ್ದು ಕೂದಲೆಳೆಯಷ್ಟು:
ಇನ್ನೂರ ಎಂಬತ್ತೈದು ಪ್ಯಾಂಟು.
ಕೂರುವ ಕಾಲಿನ ಗಾಳಿಚೀಲ, ಹೊಸದು:
ಸಾವಿರದೇಳ್ನೂರು.
ದಿಲ್ಲಿಯ ಗುಜರಿಯದು ಐನೂರೈವತ್ತಕ್ಕೇ ಸಿಗುತ್ತದೆ,
ಅದೂ ಯಾರದೋ ಕೂತೆದ್ದ ಕಾಲು.
ಮೂರರಿಂದ ನಾಲ್ಕನೇ ಗೇರಿಗೆ ಹೋಗುವಾಗ
ಹಿಂದಿನಿಂದ ಯಾರೋ ಒದ್ದ ಹಾಗಾಗುತ್ತದಲ್ಲ,
ಅದರ ಲೆಕ್ಕ ಹಾಕಬೇಡವೆಂದು
ಸುಂಕಮ್ಮ ಆಣೆ ಹಾಕಿಸಿಕೊಂಡಿದ್ದಾಳೆ.

ಮಾರಿಬಿಡು ಅನ್ನುತ್ತಾರೆ.
ಎರಡು ಸಾವಿರದ ಎಂಟು. ನಾನು ಅದಿರು ಲಾರಿಯ ಕ್ಲೀನರ್.
ತೋರಣಗಲ್ಲಿನ ಹತ್ತಿರ ಲಾರಿಸಾಲು ಮೂರು ದಿನ ಕದಲಿರಲಿಲ್ಲ.
ಕಪ್ಪು ಕಾರೊಂದು ಹಾರ್ನ್ ಕೂಡ ಮಾಡದೆ ಬಂತು.
ಕುಡಿಯೋಕೆ ನೀರು ಕೇಳೋಣವೆಂದು ಕೈ ಎತ್ತಿದೆ.
ನಾಲ್ಕು ಬೆರಳು ಇಳಿದಿದ್ದ ಹಿಂದಿನ ಗಾಜು
ಸುಮ್ಮನೆ ಮೇಲೇರಿತು.
ಅಷ್ಟೇ. ಯಾರೂ ಬೈಯಲಿಲ್ಲ.

ಇದೇ ಕಾರೆಂದು ನಾನು.
ಇಂಥವು ಆಗ ಊರ ತುಂಬ ಇದ್ದವೆಂದು ಸುಂಕಮ್ಮ.
ಹಿಂದಿನ ಗಾಜು ಈಗ ಏರುವುದಿಲ್ಲ.
ಒಳಗಿನ ತಂತಿ ಹರಿದಿದೆ, ನಾನೂರು ಪ್ಯಾಂಟು.
ಕಟಿಂಗ್ ಮೇಜಿನಡಿ ಬಿದ್ದಿದ್ದ ಡೆನಿಮ್ ಚೂರು ಮಡಚಿ
ಸಂದಿಗೆ ತುರುಕಿದ್ದೇನೆ.

ಹೊನ್ನೂರ್‌ವಲಿ ಮೊದಲ ಸಲ ಏಸಿ ಬಿಚ್ಚಿದ ದಿನ
ಫಿಲ್ಟರನ್ನು ಹಳೇ ಪೇಪರಿನ ಮೇಲೆ ತಟ್ಟಿದ.
ಕುಂಕುಮದ ಬಟ್ಟಲು ಕವುಚಿದ ಹಾಗೆ ಬಿತ್ತು ಧೂಳು.
ಬೆರಳಿಗೆ ಹಚ್ಚಿ, ಬೆಳಕಿಗೆ ಹಿಡಿದು, ಅಂದ:
'ಸಂಡೂರ್ ಮಾಲು. ಪರ್ಮಿಟ್ ಇತ್ತೋ ಇಲ್ಲೋ.'
ಇಬ್ಬರೂ ನಕ್ಕೆವು. ಮಿರ್ಚಿ ತರಿಸಿದೆ.
ಧೂಳನ್ನು ಅವನು ಎಸೆಯಲಿಲ್ಲ,
ಪೊಟ್ಟಣ ಕಟ್ಟಿ ಸ್ಪ್ಯಾನರ್ ಡಬ್ಬಿಯಲ್ಲಿಟ್ಟುಕೊಂಡ.
ಯಾಕೆಂದು ನಾನೂ ಕೇಳಲಿಲ್ಲ.

ಹೋದ ಮೇ ತಿಂಗಳು, ಸಂಡೂರಿಗೆ, ನಾದಿನಿಯ ಮನೆಗೆ.
ಕುಡಿತಿನಿ ದಾಟುವಷ್ಟರಲ್ಲಿ ಸೂಜಿ ಕೆಂಪಿಗೆ ಮುಟ್ಟಿತು.
ಫೋನು ಮಾಡಿದೆ. ಅತ್ತ ಸುತ್ತಿಗೆಯ ಸದ್ದು.
'ಏಸಿ ಆರ್ಸು. ಹೀಟರ್ ಹಾಕು, ಫುಲ್.
ಇಂಜಿನ್ನಿನ ಬಿಸಿ ನೀವೊಂದಿಷ್ಟು ಹಂಚ್ಕೊಳ್ರಿ.'

ನಲವತ್ಮೂರು ಡಿಗ್ರಿಯಲ್ಲಿ ಹೀಟರ್ ಹಾಕಿಕೊಂಡು
ಹೋದವರು ಬಳ್ಳಾರಿಯಲ್ಲಿ ನಾವೇ ಇರಬೇಕು.
ಅತ್ತೆ ಹಿಂದಿನಿಂದ ಯಾವ ದೇವರನ್ನೂ ಬಿಡಲಿಲ್ಲ.
ಮಗಳು ಚಪ್ಪಲಿ ಕಳಚಿ ಕಾಲನ್ನು
ಏರದ ಗಾಜಿನಾಚೆ ಚಾಚಿದಳು.
ಸೂಜಿ ಒಂದು ಗೆರೆ ಇಳಿಯಿತು, ನಿಂತಿತು,
ಇನ್ನೊಂದು ಇಳಿಯಲೋ ಬೇಡವೋ ಎಂಬಂತೆ ನಡುಗಿತು.
ಸುಂಕಮ್ಮ ಸೆರಗು ಬಿಚ್ಚಿ ಗಾಳಿ ಬೀಸತೊಡಗಿದಳು,
ನನಗಲ್ಲ,
ಮೀಟರಿಗೆ.