ಐದು ವಯರು, ಮೂರು ಗಂಟು

ಜೆಪ್ಪು ಮಾರ್ಕೆಟಿನ ಮೇಲಿನ ನನ್ನ ಟೈಲರಿಂಗ್ ಕೋಣೆಗೆ
ಮೋಟಾರು ಮೆಷಿನ್ ಬಂದ ದಿನ
ಪ್ಲಗ್ಗಿಗೆ ಮೂರು ಕಾಲು, ಗೋಡೆಗೆ ಎರಡೇ ಕಣ್ಣು.

ಸಿಪ್ರಿಯನ್ ಬಂದರು. ಸ್ಟೂಲಿನ ಮೇಲೆ ಕೂತು
ಹಳೇ ಹಲಗೆಯ ನಾಲ್ಕು ಸ್ಕ್ರೂ ಬಿಚ್ಚಿ
ನನ್ನ ಗುಂಡಿ ಡಬ್ಬಿಯ ಮುಚ್ಚಳದಲ್ಲಿಟ್ಟರು.
ಒಳಗಿಂದ ಒಣಗಿದ ಹಲ್ಲಿ, ಒಂದಿಷ್ಟು ಗೆದ್ದಲ ಮಣ್ಣು,
ಆಮೇಲೆ ಹೊರಗೆ ಬಾಗಿದವು
ಐದು ವಯರು.

ಸುಮ್ಮನೆ ನೋಡುತ್ತಾ ಕೂತರು.
ಬಾಗಿಲ ಕಡೆ ತಿರುಗಿದರು. ಕೀರ್ತೇಶ ಇಲ್ಲ,
ಇವತ್ತು ಹುಡುಗನಿಗೆ ಐಟಿಐ ಪರೀಕ್ಷೆ.
"ವಾರಿಜಕ್ಕ," ಅಂದರು ಕೊನೆಗೆ, ಟೆಸ್ಟರನ್ನು ಅಂಗಿಗೆ ಒರೆಸುತ್ತಾ,
"ಇದು ಯಾವ ಬಣ್ಣ, ಒಮ್ಮೆ ಹೇಳ್ತೀರಾ?"

ಬಣ್ಣ ಕೇಳಿದರೆ ನನಗೆ ಚುಟುಕಾಗಿ ಹೇಳಲು ಬರುವುದಿಲ್ಲ.
ಹಸಿರೆಂದರೆ ನನ್ನ ಪೆಟ್ಟಿಗೆಯಲ್ಲಿ ಹನ್ನೊಂದು ರೀಲು:
ಗಿಳಿ, ಪಾಚಿ, ಬಾಟಲಿ, ಪಿಸ್ತಾ, ನವಿಲಿನ ಕೊರಳು,
ಕಾನ್ವೆಂಟಿನ ಲಂಗದ ಹಸಿರು,
ಅದೇ ಲಂಗ ಎರಡು ವರ್ಷ ಒಗೆದ ಮೇಲಿನ ಹಸಿರು.
"ಇದು ಮಾವಿನ ಚಿಗುರು ಬಲಿತ ಮೇಲೆ..." ಎನ್ನುವಷ್ಟರಲ್ಲಿ
ಅವರು ನಕ್ಕರು.
"ಕೆಂಪಾ ಹಸಿರಾ, ಅಷ್ಟು ಸಾಕು ಮಾರಾಯ್ರೆ.
ನನಗೆ ಎರಡೂ ಒಂದೇ. ಬಾಡಿದ ಬಾಳೆಎಲೆ."

ಮೂವತ್ತು ವರ್ಷದಿಂದ ಈ ಬೀದಿಗೆ ಬೆಳಕು ಕೊಡುವವರು.
ಹರೆಯದಲ್ಲಿ ರೈಲ್ವೆಯವರು ಚುಕ್ಕಿಗಳ ಪುಸ್ತಕ ತೋರಿಸಿ
ವಾಪಸು ಕಳಿಸಿದ್ದರಂತೆ.
ಗೊತ್ತಿರುವುದು ಹುಡುಗನಿಗೆ ಮಾತ್ರ. ಈಗ ನನಗೆ.

ಓದಿ ಹೇಳಿದೆ, ಅಂಗಡಿಯ ಚೀಟಿ ಓದುವ ಹಾಗೆ:
ಒಂದು ಕೆಂಪು. ಎರಡು ಕಪ್ಪು. ಒಂದು ಹಸಿರು.
ಐದನೆಯದು ಸುಣ್ಣ ಮೆತ್ತಿಕೊಂಡು ಗೋಡೆಯದೇ ಬಣ್ಣ.
"ಕೆಂಪೆಂದರೆ ಫೇಸು ಅಲ್ವಾ," ಎಂದೆ, ನನಗೂ ಅಷ್ಟು ಗೊತ್ತುಂಟೆಂಬಂತೆ.
"ಆಗಿರಬೇಕು," ಅಂದರು. "ಆಗಿರ್ತದೆ ಅಂತ ಇಲ್ಲ."

ಟೆಸ್ಟರು ಕೆಂಪಿಗೆ ತಾಗಿತು. ಬೆಳಗಲಿಲ್ಲ.
ಹಸಿರಿಗೆ ತಾಗಿತು,
ಅದರ ಹೊಟ್ಟೆಯಲ್ಲೊಂದು ಕಿತ್ತಳೆ ಮಿಂಚುಹುಳ.
ನನ್ನ ಎದೆ ಧಸಕ್ಕೆಂದಿತು.
ನಾನಾಗಿದ್ದರೆ ನಂಬಿ ಮುಟ್ಟುತ್ತಿದ್ದೆ ಹಸಿರನ್ನು.

ಬಲ್ಬು ಹಿಡಿದು, ಮೈನ್ ಆರಿಸಿ, ನ್ಯೂಟ್ರಲ್ ಕಳಚಿ, ಮತ್ತೆ ಹಾಕಿ
ಎಷ್ಟು ಸಲ ಮೆಟ್ಟಿಲು ಹತ್ತಿಳಿದರೋ.
ನ್ಯೂಟ್ರಲ್ ಇಲ್ಲದೆಯೂ ಕೆಂಪಿಗೆ ಹಿಡಿದ ಬಲ್ಬು ಉರಿಯಿತು.
"ಕೆಂಪೇ ಅರ್ತಿಂಗ್," ಅಂದರು.
ಬಾವಿಕಟ್ಟೆಯ ಪಕ್ಕ ಉಪ್ಪು ಇದ್ದಿಲು ಸುರಿದ ಹೊಂಡಕ್ಕೆ
ಇಳಿದು ಹೋಗುವುದು ಅದು.
ಎಳೆದವನು ಯಾರೋ. ಚೀಲದಲ್ಲಿ ಉಳಿದದ್ದನ್ನು ಎಳೆದನೋ,
ಇಲ್ಲಾ, ಮುರಕಲ್ಲಿನ ಊರಲ್ಲಿ ಹುಟ್ಟಿ
ಮಣ್ಣೆಂದರೆ ಕೆಂಪೇ ಎಂದುಕೊಂಡನೋ.

ಹಸಿರು ಮಣ್ಣನ್ನು ನಾನೂ ನೋಡಿಲ್ಲ.

ಸುಣ್ಣದ ವಯರು ಎಲ್ಲಿಗೂ ಹೋಗುತ್ತಿರಲಿಲ್ಲ.
ಅದರ ತುದಿಗೆ ಟೇಪು ಸುತ್ತಿ ಮೆಲ್ಲ ಒಳಗೆ ಮಲಗಿಸಿದರು.

"ಗುರುತಿಗೆ ಎಂತ ಮಾಡುವುದು? ಟೇಪಿಗೂ ಬಣ್ಣವೇ."
ನಾನು ನಲವತ್ತು ನಂಬರಿನ ಬಿಳಿ ನೂಲು ಕಡಿದೆ.
ಮೈನ್ ಆರಿದೆಯೇ ಎಂದು ಎರಡು ಸಲ ಕೇಳಿ
ಫೇಸಿಗೆ ಒಂದು ಗಂಟು, ಕಪ್ಪು ಜೋಡಿಗೆ ಎರಡೆರಡು,
"ಇದಕ್ಕೆ ಮೂರು ಗಂಟು ಹಾಕಿದೆ ನೋಡಿ" ಎಂದೆ.
ಎಂದ ಮೇಲೆ ನನಗೇ ಕೇಳಿಸಿತು, ಎಂದದ್ದು.
ಸಿಪ್ರಿಯನ್ ಪಾಪ, ಕಣ್ಣೆದುರಿನ ಮುಚ್ಚಳದಲ್ಲಿದ್ದ ಸ್ಕ್ರೂಗಳನ್ನು
ತುಂಬಾ ಹೊತ್ತು ಹುಡುಕಿದರು.

ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದರು.
ಒಂದು. ಎರಡು. ಮೂರು.
ಹಲಗೆ ಮುಚ್ಚಿದರು.

ಮೆಷಿನ್ ಗುಂಯ್ ಎಂದಿತು. ದುಡ್ಡು ಎಣಿಸಿ ಕಿಸೆಗೆ ಹಾಕಿ
ಮೆಟ್ಟಿಲಲ್ಲಿ ನಿಂತು ಕೇಳಿದರು:
"ಅಕ್ಕಾ, ನನ್ನ ಈ ಅಂಗಿ ಕಂದು ಅಲ್ವಾ?"
"ಪಾಚಿ ಹಸಿರು."
"ಹೌದಾ," ಅಂದರು. ಕಾಲರು ಎಳೆದು ನೋಡಿಕೊಂಡರು,
ಎರಡು ಈಸ್ಟರಿಗೆ ಅದನ್ನೇ ಹಾಕಿದ್ದರಂತೆ.
"ಒಳ್ಳೆ ಹಸಿರಾ?"