ಒಂದೇ ಬಳಿ

ಮೊದಲು ಹಲ್ಲಿ ಅಂದುಕೊಂಡೆ.
ಬಜಾರ್‌ಗೇಟಿನ ಗೂಡಿನಂಥ ಡಿಟಿಪಿ ಅಂಗಡಿಯಲ್ಲಿ
ಟಕ್, ಟಕ್, ಟಕ್.
ನಾನೇನೂ ಮಾತಾಡಿರಲಿಲ್ಲ,
ಹೌದು ಹೌದೆನ್ನಲು ಅದಕ್ಕೆ ಕಾರಣವಿರಲಿಲ್ಲ.
ಆಮೇಲೆ ಪರದೆ ನೀಲಿಯಾಯಿತು.

ಸಂಘದ ಸುವರ್ಣ ಸಂಚಿಕೆ, ಇನ್ನೂರ ಹನ್ನೆರಡು ಪುಟ,
ಶನಿವಾರ ಅಚ್ಚಿಗೆ. ಅಧ್ಯಕ್ಷರು ಏಳು ಭಂಗಿಯಲ್ಲಿ.
ಯಾರೋ ಹೇಳಿದರೆಂದು ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಒಂದು ರಾತ್ರಿ ಡೊಂಬಿವಲಿಯ ನಮ್ಮ ಫ್ರೀಜರಿನಲ್ಲಿ
ಬಂಗುಡೆಯ ಪಕ್ಕ ಮಲಗಿಸಿದೆ.
ಬೆಳಿಗ್ಗೆ ಅದೇ ಟಕ್ ಟಕ್,
ಜೊತೆಗೊಂದಿಷ್ಟು ಮೀನಿನ ವಾಸನೆ.

ಲ್ಯಾಮಿಂಗ್ಟನ್ ರೋಡು, ಮೂರನೇ ಮಾಳಿಗೆ.
ಮುಸ್ತನ್ಸಿರ್ ಭಾಯಿ ಮೂಸಿದರು, ನಕ್ಕರು,
ಕಿವಿಗಿಟ್ಟು ಕೇಳಿದರು, ನಗು ನಿಲ್ಲಿಸಿದರು.
‘ತಲೆ ಹೋಗಿದೆ ಬೆಹೆನ್. ತಟ್ಟೆ ಸರಿಯಿರಬಹುದು.
ದಾನಿ ಬೇಕು. ಅದೇ ಕಂಪನಿ, ಅದೇ ಕಾರ್ಖಾನೆ,
ಆದಷ್ಟೂ ಅದೇ ತಿಂಗಳು ಹುಟ್ಟಿದ್ದು.
ಹಾಗಿದ್ದರೇ ಅದರ ತಲೆ ಇದಕ್ಕೆ ಕೂಡುತ್ತದೆ.’

ನಮ್ಮಲ್ಲಿ ಇದು ತಿರುಗುಮುರುಗು.
ಬಳಿ ಒಂದೇ ಆದರೆ ಅಣ್ಣ ತಂಗಿ,
ಎಲೆ ಅಡಿಕೆ ವಾಪಸು.
ಇದನ್ನು ಅವರಿಗೆ ಹಿಂದಿಯಲ್ಲಿ ಹೇಗೆ ಹೇಳುವುದು,
ಹೇಳುವುದಾದರೂ ಯಾಕೆ.

ಶನಿವಾರ ಬಂತು, ಹೋಯಿತು.
ಸಂಚಿಕೆಯನ್ನು ಬೇರೆ ಯಾರೋ ತರಾತುರಿಯಲ್ಲಿ ಕಟ್ಟಿದರು,
ಅಧ್ಯಕ್ಷರು ನಾಲ್ಕೇ ಭಂಗಿಯಲ್ಲಿ.
ಬೇಡ ಬಿಡಿ ಎಂದು ಫೋನು ಮಾಡಬಹುದಿತ್ತು ನಾನು.
ಮಾಡಲಿಲ್ಲ.

ಹದಿನೇಳನೇ ದಿನ ಚೋರ್ ಬಜಾರಿನಲ್ಲಿ,
ಮುಚ್ಚಿಹೋದ ಬ್ಯಾಂಕೊಂದರ ಗುಜರಿ ರಾಶಿಯಲ್ಲಿ
ಸಿಕ್ಕಿತಂತೆ ಜೊತೆಹುಟ್ಟು.
ಗಾಜಿನ ಪೆಟ್ಟಿಗೆಗೆ ಎರಡೂ ಕೈ ತೂರಿಸಿ
ಚೌಪಾಟಿಯಲ್ಲಿ ಕಿವಿ ಗುಗ್ಗೆ ತೆಗೆಯುವವನ ಹುಷಾರಿನಲ್ಲಿ
ಇದರ ತಲೆ ಎತ್ತಿದರು, ಅದರದನ್ನು ಇಳಿಸಿದರು.
ತಟ್ಟೆಗೂ ತಲೆಗೂ ನಡುವೆ ಒಂದು ಕೂದಲೂ ಹಿಡಿಯದಂತೆ.
ನಾನು ಉಸಿರು ಬಿಟ್ಟದ್ದು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ.

‘ಮಾಲು ಬಂದಿದೆ ಬೆಹೆನ್, ಹೆಸರು ಬಂದಿಲ್ಲ.’
ಹನ್ನೊಂದು ಸಾವಿರ ಕಡತ, ಬರೀ ನಂಬರು.

ತಂಗಿ ಮಗನ ಲ್ಯಾಪ್‌ಟಾಪಿನಲ್ಲಿ ನನ್ನ ಹಳೇ ಫಾಂಟಿಲ್ಲ.
ಕನ್ನಡವೆಲ್ಲ ಟೋಪಿ, ಚುಕ್ಕಿ, ಬಾಲ ಹೊತ್ತ ಪರದೇಶಿ ಗುಂಪು.
ಆದರೂ ಓದಬಲ್ಲೆ. ನೆತ್ತಿಯಲ್ಲಿ ಓರೆ ಗೀಟಿರುವ ಇಂಗ್ಲಿಷ್ ಎ
ನಮ್ಮ ತಲೆಕಟ್ಟು. ಹೊಟ್ಟೆಪಾಡಿನ ವಿದ್ಯೆ, ಮರೆಯುವುದಿಲ್ಲ.

ರಾತ್ರಿಗಿಷ್ಟು ಎಂದು ತೆರೆದೆ.
ಉದ್ಯಾವರದ ಸಂಜೀವಣ್ಣನ ಮಗಳ ಮದುವೆ,
ಅದೇ ಹೂಬಳ್ಳಿಯ ಅಂಚಿನೊಳಗೆ
ಸಂಜೀವಣ್ಣನ ಉತ್ತರಕ್ರಿಯೆ.
ಅಂಚು ಬದಲಿಸಲು ಅವತ್ತು ಪುರುಸೊತ್ತು ಸಿಕ್ಕಿರಲಿಲ್ಲವೇನೋ.
ಬಾಡಿಗೆ ಕರಾರು, ಭಜನೆಯ ಕರಪತ್ರ, ಮಸಾಲೆ ಪುಡಿಯ ಲೇಬಲು,
ಮತ್ತೆ ಮದುವೆ, ಮತ್ತೆ ಮದುವೆ.

ಏಳು ಸಾವಿರದ ಮುನ್ನೂರ ಹದಿನಾರು.
ಚಿ. ರಾ. ಶೇಖರ. ಚಿ. ಸೌ. ಸುಗಂಧಿ.
ಕುರ್ಲಾದ ಹಾಲು, ಊಟ ಹನ್ನೆರಡೂವರೆಗೆ.

ಕಳೆದುಹೋದದ್ದು ಯಾವುದು,
ನಾನೇ ಒರೆಸಿ ಹಾಕಿದ್ದು ಯಾವುದು,
ಎರವಲು ತಲೆಗೆ ಏನು ಗೊತ್ತು.

ಅದು ಮೂರನೇ ಪ್ರೂಫು.
ಆ ಸಂಜೆ ಉಚ್ಚಿಲದಿಂದ ಬಂದಿಳಿದ ದೊಡ್ಡಮ್ಮ
ಬಟ್ಟಲಿಗೆ ಚಾ ಸುರಿದು ಆರಿಸಿಕೊಳ್ಳುತ್ತ
ಸುಮ್ಮನೆ ಎಂಬಂತೆ ಕೇಳಿದ್ದರು:
‘ಹುಡುಗನದು ಯಾವ ಬಳಿ?’

ಓದುತ್ತ ಹೋದೆ, ಬೇರೆ ಯಾರದೋ ಕೆಲಸದ ಹಾಗೆ.
ಆ ಪರದೇಶಿ ಲಿಪಿಯಲ್ಲೂ ಕಣ್ಣಿಗೆ ಬಿತ್ತು:
‘ಆರ್ಶೀವಾದ’.
ಶೇಖರನ ಉದ್ಯೋಗವೇ ಪ್ರೂಫ್ ನೋಡುವುದು,
ಮೂರು ಸಲ ನೋಡಿಯೂ ಬಿಟ್ಟಿದ್ದ.
ನಾನೂ.

ಅರ್ಕಾವತ್ತನ್ನು ಎತ್ತಿ
ಒಂದು ಮನೆ ಮುಂದಿಟ್ಟೆ.
ಹೆಸರೇನು ಕೊಡಲಿ ಎಂದು ಕೇಳಿತು.
ನಂಬರೇ ಇರಲಿ ಅಂದೆ.