ಕೂರುವ ಕೆಲಸ

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದಂತೆ.
ನಾನು ಉಣ್ಣುವುದೇ ಕೂತು.
ಗಂಟೆಗೆ ಇನ್ನೂರು ಕ್ರೌನು, ಮಧ್ಯಾಹ್ನ ಸೂಪು,
ಚಳಿಕೋಣೆಯ ದಿನವಾದರೆ ಐವತ್ತು ಮೇಲೆ.

ಚೆಸ್ಕಾ ಲೀಪಾದ ಹೊರಗೆ, ಮುಚ್ಚಿಹೋದ ಗಾಜಿನ ಕಾರ್ಖಾನೆಯ
ಬೆನ್ನಿಗಂಟಿದ ಶೆಡ್ಡಿನಲ್ಲಿ
ಕಾರಿಲ್ಲದ ಕಾರಿನ ಸೀಟು.
ಚಕ್ರವಿಲ್ಲ, ಬಾಗಿಲಿಲ್ಲ, ಹೋಗಬೇಕಾದ ಊರಿಲ್ಲ.
ಬಟ್ಟೆಯ ಕೆಳಗೆ, ಸ್ಪಂಜಿನ ಮೇಲೆ
ನಾಲ್ಕು ತೆಳು ತಾಮ್ರದ ಹಾಳೆ.

ರಾದೋವಾನ್ ಹೇಳುತ್ತಾನೆ: ಇದು ತೂಗುವುದಿಲ್ಲ,
ಒತ್ತಿದರಷ್ಟೇ ತಿಳಿಯುವ ಜಾತಿಯದಲ್ಲ.
ಸುತ್ತಲೂ ವಿದ್ಯುತ್ತಿನ ಒಂದು ಹೊಲ ಹರಡಿಕೊಂಡು ಕಾಯುತ್ತದೆ.
ನೀನು ಬಂದೆಯೋ, ಹೊಲ ಬಾಗುತ್ತದೆ,
ಗೋಧಿಯೊಳಗೆ ಮೊಲ ನುಸುಳಿದ ಹಾಗೆ.
ಮೊಲ ಕಾಣುವುದಿಲ್ಲ.
ತೆನೆ ಅಲುಗಿದ್ದು ಕಾಣುತ್ತದೆ.

ಮೊದಲ ದಿನ ಕೇಳಿದ್ದೆ, ಗೊಂಬೆಗಳಿವೆಯಲ್ಲ, ನಾನೇಕೆ?
ಅವನೂ ಕಾವಲಿನವನೂ ಸೇರಿ
ಒಂದನ್ನು ಎತ್ತಿ ತಂದು ಕೂರಿಸಿದರು.
ಎಪ್ಪತ್ತೆಂಟು ಕಿಲೋ. ರಬ್ಬರಿನ ಚರ್ಮ, ಒಳಗೆ ಒಣ ಮರಳು,
ಮುಖದಲ್ಲಿ ನಮ್ಮ ಹಳೆ ಮೇಸ್ತ್ರಿಯ ಗಾಂಭೀರ್ಯ.
ಪರದೆ ಅಂದಿತು: ಖಾಲಿ.
ಗೊಂಬೆಯನ್ನು ಇಳಿಸಿದ ಮೇಲೆ
ನಾನು ಅಂಗೈ ಚಾಚಿದೆ, ಅಷ್ಟೇ, ಮುಟ್ಟಿರಲಿಲ್ಲ.
ಗೆರೆ ತಟ್ಟನೆ ಎದ್ದು ನಿಂತಿತು,
ಮನೆಗೆ ಯಾರೋ ಬಂದರೆಂದು ಏಳುತ್ತಾರಲ್ಲ, ಹಾಗೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ಯಂತ್ರಕ್ಕೆ ಗೊತ್ತಿರುವುದು ಅವೆರಡೇ.
ಅದರ ಲೆಕ್ಕದಲ್ಲಿ ದ್ರಹೊಮೀರಾ ಎಂಬ ನಾನು
ನಲವತ್ತಾರು ಕಿಲೋದ ಒಂದು ಉಪ್ಪುನೀರಿನ ಕೊಡ.

ಉಣ್ಣೆ ಕೋಟು ತೊಟ್ಟು ಕೂತೆ. ಕೋಟು ಕಳಚಿ ಕೂತೆ.
ಕೆಳಗೆ ಒದ್ದೆ ಟವೆಲು ಹಾಸಿ ಕೂತೆ
(ಅದನ್ನೂ ಒಬ್ಬರೆಂದು ಎಣಿಸಿ ಪೆಚ್ಚಾಯಿತು).
ಬಾಗಿಲಿರಬೇಕಾದ ಕಡೆ ತಲೆ ವಾಲಿಸಿ
ನಿದ್ದೆ ಬಂದವಳ ಹಾಗೆ ನಟಿಸಿ, ಒಮ್ಮೆ
ನಿಜವಾಗಿಯೇ ನಿದ್ದೆಹೋದೆ.
ಗಾಜಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ
ಮೇಲಿನ ಹಲಗೆ ಎಟುಕದವಳೆಂದು ಅನಿಸಿಕೊಂಡೆ.
ಇಲ್ಲಿ ಬೇಕಾದದ್ದೇ ಗಿಡ್ಡತನ.
ಹೊಡೆತ ತಡೆಯಬೇಕಾದ ಗಾಳಿಚೀಲವೇ
ನನ್ನಂಥವಳ ಕುತ್ತಿಗೆ ಮುರಿದೀತಂತೆ.
ರಾದೋವಾನ್ ಅದನ್ನು ಹೇಳುವಾಗ ನನ್ನನ್ನು ನೋಡಲಿಲ್ಲ,
ಪೆನ್ಸಿಲು ಚೂಪು ಮಾಡುತ್ತಿದ್ದ.

ಅವನ ಅಕ್ಕನ ಮಗಳು ಆನೆಷ್ಕಾ ಬರುತ್ತಾಳೆ ಗುರುವಾರ,
ಜೇನು ಬಿಸ್ಕತ್ತಿನ ಸಂಬಳಕ್ಕೆ.
ಕೂರು ಅಂದರೆ ಮಂಡಿಯೂರುತ್ತಾಳೆ,
ಒರಗು ಅಂದರೆ ಕಾಲು ಮೇಲೆ, ತಲೆ ಕೆಳಗೆ.
ಎಲ್ಲ ಬರೆದುಕೋ, ಅನ್ನುತ್ತಾನೆ ಅವನು,
ಮಕ್ಕಳು ಕೂರುವುದೇ ಹೀಗೆ.

ಡಿಸೆಂಬರ್ ಇಪ್ಪತ್ತಮೂರು.
ಪರೀಕ್ಷೆಯ ಕಾರನ್ನೇ ಕೊಟ್ಟ, ಹಿಮದಲ್ಲಿ ಓಡಿಸಿ ನೋಡು ಎಂದು.
ಚೌಕದಲ್ಲಿ ನೀಲಿ ತೊಟ್ಟಿಗಳ ಮುಂದೆ ಸಾಲು.
ನಾಳಿನ ಹಬ್ಬದೂಟಕ್ಕೆ ಒಂದು ಗೆಂಡೆ ಮೀನು,
ಜೀವಂತ, ಬಕೀಟಿನ ನೀರಿನಲ್ಲಿ ಬಾಯಿ ತೆರೆದು ಮುಚ್ಚುತ್ತ.
ಪಕ್ಕದ ಸೀಟಿನಲ್ಲಿಟ್ಟೆ.

ಕಾರು ಕುಂಯ್‌ಗುಟ್ಟಿತು: ಬೆಲ್ಟು ಹಾಕಿ.
ಹಾಕಿದೆ, ಬಕೀಟಿನ ನಡುವಿಗೆ.
ಹಳದಿ ದೀಪ ಹೊತ್ತಿತು. ಗಾಳಿಚೀಲ ಬಂದ್.
ಅಂದರೆ ಯಂತ್ರದ ಪ್ರಕಾರ
ಮಗು ಕೂತಿದೆ.

ಊರಾಚೆಯ ತಿರುವುಗಳಲ್ಲಿ ನಿಧಾನಿಸಿದೆ,
ನೀರು ಚೆಲ್ಲದಿರಲೆಂದು.
ಒಂದೆರಡು ಸಲ ಬ್ರೇಕು ಹಿಡಿದಾಗ
ಎಡಗೈ ತಾನಾಗಿ ಆ ಕಡೆ ಹೋಯಿತು. ಬಲಗೈಯೇ ಇರಬೇಕು,
ಬರೆಯುವಾಗ ಗಲಿಬಿಲಿ.

ಮಾರನೆಯ ದಿನ ಕರಿದು ತಿಂದೆ. ಚೆನ್ನಾಗಿತ್ತು.
ವರದಿಯಲ್ಲಿ ಬರೆದದ್ದು:
'ತಪ್ಪು ಪತ್ತೆ. ಒದ್ದೆ ವಸ್ತು. ಬೆಲ್ಟು ಹಾಕಿತ್ತು.'

ನಮ್ಮ ಕಡೆಯ ರೂಢಿಯಂತೆ ಒಂದು ಹುರುಪೆ ತೊಳೆದು, ಒಣಗಿಸಿ,
ಪರ್ಸಿನಲ್ಲಿಟ್ಟಿದ್ದೇನೆ, ದುಡ್ಡು ನಿಲ್ಲಲೆಂದು.
ಜನವರಿ ಎರಡಕ್ಕೆ ಅದರೊಂದಿಗೇ ಹೋಗಿ ಕೂತೆ.
ರಾದೋವಾನ್ ಪರದೆ ನೋಡಿ ಕೂಗಿದ:
ಒಬ್ಬರು.